ಸರಕಾರ ಕೈಬಿಟ್ಟರೆ ಗಡಿಯ ಕನ್ನಡ ಸಾಲಿ ಯಾರು ನಡೆಸ್ತಾರೆ?



ಸಾಂಗಲಿ-ಮಿರಜದ ಕಡೆ ಓದಿದವರು ನಾಲ್ಕು ಜನ ಕೂಡಿದರೆ ಒಂದು ಮಾತು ಬಂದೇ ಬರುತ್ತದೆ. “ಸರಕಾರಕ್ಕೆ ಸಾಲಿ ನಡೆಸೋ ಉಸಾಬರಿ ಯಾಕ್ರೀ? ಖಾಸಗಿಯವರಿಗೆ ಬಿಡ್ರಿ. ಪಾಲಕರು ತಮಗೆ ಬೇಕಾದ್ದು ಆರಿಸಿಕೊಳ್ತಾರೆ.”

ಮಿರಜ ಪೇಟೆಯಲ್ಲಿ ನಿಂತು ಕೇಳಿದರೆ ಇದು ಸರಿ ಅನಿಸಬಹುದು. ಆದರೆ ಪೂರ್ವಕ್ಕೆ ಜತ್ತ ತಾಲೂಕಿಗೆ ಬಂದು ನೋಡಿ. ಉಮದಿ, ಸಂಖ ಭಾಗದಲ್ಲಿ ಮನೆಮಾತು ಕನ್ನಡ. ಮಳೆ ಕಡಿಮೆ, ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು ಬಹಳ. ಇಂಥ ಮನೆಯ ಕೂಸಿಗೆ ಕನ್ನಡದಲ್ಲಿ ಅಕ್ಷರ ಕಲಿಸುವುದು ಜಿಲ್ಲಾ ಪರಿಷತ್ತಿನ ಸಾಲಿ. ಅಲ್ಲಿ ಬಂಡವಾಳ ಹಾಕಿ ಕನ್ನಡ ಸಾಲಿ ತೆಗೆಯುವ ಸಾಹುಕಾರ ಯಾರು? ಖಾಸಗಿಯವರು ಬಂದರೂ ಇಂಗ್ಲಿಷ್ ಬೋರ್ಡು ಹಚ್ಚಿಕೊಂಡೇ ಬರುತ್ತಾರೆ. ಹಾಗಾದರೆ ನಮ್ಮ ಪಾಲಕರು ಆರಿಸಿಕೊಳ್ಳುವುದು ಏನನ್ನು?

ಇನ್ನೊಂದು ಮಾತು. ಖಾಸಗಿ ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಹೇಳಿತು. ಅದು ಕರ್ನಾಟಕದ್ದೇ ಪ್ರಕರಣ! ಅಲ್ಲಿಯೇ ಹೀಗಾದರೆ ಮಹಾರಾಷ್ಟ್ರದಲ್ಲಿರುವ ನಮಗೆ ಖಾಸಗಿಯವರು ಕನ್ನಡ ಕಲಿಸಲಿ ಎಂದು ಹೇಳುವವರು ಯಾರು? ನಮಗೆ ಉಳಿದದ್ದು ಸರಕಾರಿ ಸಾಲಿಯೇ.

ಇದು ಯಾರೋ ಮಾಡುವ ಉಪಕಾರವೂ ಅಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಪ್ರತಿ ರಾಜ್ಯ, ಪ್ರತಿ ಸ್ಥಳೀಯ ಸಂಸ್ಥೆ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾವಾರು ರಾಜ್ಯಗಳಾದ 1956ರಲ್ಲೇ ಅದನ್ನು ಸೇರಿಸಿದ್ದು. ಗೆರೆ ಎಳೆದವರಿಗೆ ಗೆರೆಯಾಚೆ ಉಳಿಯುವ ಮಕ್ಕಳ ನೆನಪಿತ್ತು.

ಈಗ ಆ ನೆನಪು ಮಾಸುತ್ತಿದೆ. 2017ರಲ್ಲಿ ಹತ್ತಕ್ಕಿಂತ ಕಡಿಮೆ ಪಟಸಂಖ್ಯೆಯ ಸುಮಾರು 1300 ಶಾಲೆ ಮುಚ್ಚುವ ನಿರ್ಧಾರ ಬಂತು. 2023ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳ ಶಾಲೆಗಳನ್ನು ಕೂಡಿಸಿ ‘ಸಮೂಹ ಶಾಲೆ’ ಮಾಡುವ ಪ್ರಸ್ತಾವ ಬಂತು. ಹೀಗೆ ತಲೆ ಎಣಿಸುವವರು ಮಾಧ್ಯಮ ನೋಡುತ್ತಾರೆಯೇ? ಕನ್ನಡದ ಮಗುವಿಗೆ ಪಕ್ಕದ ಮರಾಠಿ ಶಾಲೆ ಒಂದೇ ಕಿಲೋಮೀಟರಿನಲ್ಲಿದ್ದರೂ ದೂರವೇ. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದ್ದು ಸುದ್ದಿಯಾಯಿತು. ಆ ಗುರೂಜಿಗಳ ತಪ್ಪೇನಿಲ್ಲ. ಆದರೆ ಬಾಲಭಾರತಿಯ ಕನ್ನಡ ಪುಸ್ತಕವನ್ನು ಅವರು ಓದಿಸುವುದು ಹೇಗೆ? ಬೋರ್ಡು ಕನ್ನಡ, ಪಾಠ ಮರಾಠಿ. ಬೀಗ ಹಾಕದೆಯೂ ಸಾಲಿ ಮುಚ್ಚಬಹುದು.

“ಸರಕಾರಿ ಸಾಲ್ಯಾಗ ಏನ್ ಕಲಿಸ್ತೀರಿ?” ಅಂತ ಕೇಳುವವರಿದ್ದಾರೆ. ಕೇಳಲಿ, ಕೇಳಲೇಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, ಎದುರಿಗೆ ಐದು ತರಗತಿ. ಅದರ ಮೇಲೆ ಚುನಾವಣೆ, ಜನಗಣತಿ. ಕಲಿಕೆ ಸೊರಗಿದರೆ ಕೊಡಬೇಕಾದದ್ದು ಇನ್ನೊಬ್ಬ ಶಿಕ್ಷಕ. ಸೂರು ಸೋರುತ್ತದೆಂದು ಮನೆಯನ್ನೇ ಕೆಡವುತ್ತಾರೆಯೇ?

ಕೊನೆಗೆ ನಮ್ಮವರಿಗೊಂದು ಮಾತು, ಸಿಟ್ಟಾದರೂ ಚಿಂತೆಯಿಲ್ಲ. ನವೆಂಬರ್ ಒಂದಕ್ಕೆ ಭಾಷಣ ಮಾಡಿ ಜೂನಿನಲ್ಲಿ ಮಗುವನ್ನು ಇಂಗ್ಲಿಷ್ ಸಾಲಿಗೆ ಸೇರಿಸುವವರಿಂದ ಕನ್ನಡ ಉಳಿಯುವುದಿಲ್ಲ. ಇದರಲ್ಲಿ ಶಿಕ್ಷಕರಾದ ನಾವೂ ಬಂದೆವು. ಪಟಸಂಖ್ಯೆ ಇಳಿಸುವವರು ನಾವೇ, ಸಾಲಿ ಮುಚ್ಚಿತೆಂದು ಅಳುವವರೂ ನಾವೇ!

ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರಿರಬೇಕು ಎಂಬುದು ಕಾನೂನು. ಮುಂದಿನ ಸಭೆಗೆ ಹೋಗಿ. ಕನ್ನಡ ಬಲ್ಲ ಶಿಕ್ಷಕರೇ ಬೇಕು, ಮಾಧ್ಯಮ ನೋಡದೆ ಶಾಲೆ ಕೂಡಿಸಬಾರದು ಎಂದು ಠರಾವು ಬರೆಸಿ, ಸಹಿ ಮಾಡಿ, ಜಿಲ್ಲಾ ಪರಿಷತ್ತಿಗೆ ಕಳಿಸಿ, ಪೋಚ ತಗೊಳ್ಳಿ. ಬಾಯಿಮಾತು ಫೈಲಿಗೆ ಹತ್ತುವುದಿಲ್ಲ.