ಗಂಡಸಿನ ಹೆದರಿಕೆ, ಹೆಂಗಸಿನ ಹೊರೆ

ಮೈಸೂರು ಸರಕಾರವು 1930ರಲ್ಲಿಯೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಅಪ್ಪಣೆ ಕೊಟ್ಟಿತ್ತು. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು, ಹೋಗಲಿ. 1953ರಲ್ಲಿ ಮಣಿಪಾಲದ ಗುಡ್ಡಕ್ಕೆ ವೈದ್ಯಕೀಯ ಕಾಲೇಜೇ ಬಂತು. ಆದರೂ ಗುಡ್ಡವಿಳಿದು ಉಡುಪಿಯ ಪೇಟೆಯಲ್ಲಿ, ಕಾಪುವಿನ ಅಂಗಡಿ ಜಗಲಿಯಲ್ಲಿ, ಕಾರ್ಕಳದ ಗೇರುಬೀಜ ಕಾರ್ಖಾನೆಯ ಗೇಟಿನಲ್ಲಿ ನಾವು ಕೇಳುವ ಮಾತೇನು? "ಮೊಲೆಯುಣಿಸುವಾಗ ಬಸಿರಾಗುವುದಿಲ್ಲ." "ಒಂದು ಸಲಕ್ಕೆ ಏನೂ ಆಗದು." "ಆಪರೇಷನ್ ಆದ ಗಂಡಸು ಮೂಟೆ ಹೊರಲಾರ."

ಮೊಲೆಹಾಲಿನ ರಕ್ಷಣೆ ಮೊದಲ 6 ತಿಂಗಳ ಮಟ್ಟಿಗೆ. ಅದೂ ಹಗಲೂ ರಾತ್ರಿ ಮೊಲೆಹಾಲನ್ನಷ್ಟೇ ಕೊಟ್ಟು, ಮುಟ್ಟು ಮರಳದೆ ಇದ್ದರೆ ಮಾತ್ರ. ದಿನವಿಡೀ ಕೂತು ಗೇರುಬೀಜದ ಸಿಪ್ಪೆ ಸುಲಿಯುವ ತಾಯಿಗೆ ಇದು ಸಾಧ್ಯವೆ? ಕೂಸುಗಳ ಕೋಣೆ ಎಲ್ಲಿ, ಮಾಲಿಕರು ಹೇಳಲಿ! ಒಂದು ಸಲವೂ ಸಾಕು. ವೀರ್ಯಾಣು ಹೆಣ್ಣಿನ ಒಡಲಲ್ಲಿ 5 ದಿನ ಬದುಕಿರಬಲ್ಲದು. 'ಸುರಕ್ಷಿತ ದಿನ'ದ ಲೆಕ್ಕ ತಪ್ಪುವುದು ಅದಕ್ಕೇ.

ಗಂಡಸಿನ ಆಪರೇಷನ್ನಿನಲ್ಲಿ ಕತ್ತರಿಸುವುದು ವೀರ್ಯಾಣು ಸಾಗುವ ಎರಡು ನಾಳಗಳನ್ನು ಮಾತ್ರ. ತೋಳಿನ ಬಲ ಎಲ್ಲಿಗೂ ಹೋಗದು, ಹಾಸಿಗೆಯ ಬಲವೂ ಹೋಗದು. (ಮೊದಲ ಮೂರು ತಿಂಗಳು ನಿರೋಧ್ ಬಿಡಬಾರದು.) ಹೆಂಗಸಿನ ಹೊಟ್ಟೆ ಕೊಯ್ಯುವುದಕ್ಕಿಂತ ಇದು ಹಗುರ. 1975-77ರ ತುರ್ತುಪರಿಸ್ಥಿತಿಯಲ್ಲಿ ಬಲಾತ್ಕಾರದ ಶಸ್ತ್ರಕ್ರಿಯೆ ನಡೆಸಿದ ಸರಕಾರವೇ ಈ ಹೆದರಿಕೆಯನ್ನು ಬೆಳೆಸಿತು, ಒಪ್ಪುತ್ತೇವೆ. ಆ ಸಾಲವನ್ನು ಇಂದಿಗೂ ಹೆಂಡತಿಯೇ ತೀರಿಸಬೇಕೆ? ಸಭೆಯಲ್ಲಿ ಸಮಾನತೆಯೆಂದು ಕೂಗುವ ನಮ್ಮ ಸಂಗಾತಿಗಳೂ ಈ ವಿಷಯ ಬಂದೊಡನೆ ಬೀಡಿ ಹಚ್ಚಲು ಹೊರಗೆ ಹೋಗುತ್ತಾರೆ.

ಕಾಪರ್-ಟಿ, ಮಾತ್ರೆ, ನಿರೋಧ್ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಗಂಡಹೆಂಡಿರು ಕೂಡಿಯೇ ಹೋಗಿ ಕೇಳಲಿ. ಅಂಗಡಿಯ ಮಿತ್ರರೂ ನಿರೋಧನ್ನು ಹಳೆ ಪೇಪರಿನಲ್ಲಿ ಸುತ್ತಿ ಕಳ್ಳಮಾಲಿನಂತೆ ಕೊಡುವುದನ್ನು ಬಿಡಲಿ.