ತಟ್ಟೆ ಬೇರೆ ಮಾಡಿದೆವು, ಕಿಟಕಿ ತೆಗೆಯಲಿಲ್ಲ



ಶಿಕಾರಿಪುರದ ಕಡೆಯ ನಮ್ಮ ಕೇರೀಲಿ ನನ್ನ ಭಾವ ಎರಡು ತಿಂಗಳು ಕೆಮ್ಮಿದರು. ಕೊನೆಗೆ ಟಿ.ಬಿ. ಅಂತ ಗೊತ್ತಾಯಿತು. ಮಾತ್ರೆ ಪುಕ್ಕಟೆ ಕೊಟ್ಟರು, ನಿಜ. ಆದರೆ "ಮನೇಲಿ ಮಕ್ಕಳೆಷ್ಟು?" ಅಂತ ಒಬ್ಬರೂ ಕೇಳಲಿಲ್ಲ. ಅವರ ಮಗ್ಗುಲಲ್ಲೇ ಮಲಗುತ್ತಿದ್ದ ಆರು ವರ್ಷದ ಮಗಳಿಗೆ ನಾಲ್ಕು ತಿಂಗಳಲ್ಲಿ ಕುತ್ತಿಗೆಯ ಗಂಟು ಎದ್ದಿತು. ಅಕ್ಕ ಮೂರು ಸಲ ಕೂಲಿ ಬಿಟ್ಟು ಹೊತ್ತುಕೊಂಡು ಹೋದಳು. ಮೂರು ಸಲವೂ ಕೈಗೆ ಬಂದದ್ದು ಕೆಮ್ಮಿನ ಔಷಧಿ ಬಾಟಲಿ. ಕೂಸು ಬದುಕಿತು. ಒಂದು ವರ್ಷದ ಸ್ಕೂಲು ಹೋಯಿತು.

ಇದು ಹಣೆಬರಹವೇ? ಅಲ್ಲ. ಈ ರೋಗದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲೇ ತೋರಿಸಿಕೊಟ್ಟ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಔಷಧಿ ಇದೆ, ಸಂಸ್ಥೆ ಇದೆ. ಇಲ್ಲದಿರುವುದು ನಮ್ಮ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುವ ಬುದ್ಧಿ.

ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ. ಬೆಳಗ್ಗೆ ಬರಿಹೊಟ್ಟೇಲಿ ನಳಿಕೆ ಇಳಿಸಿ ಹೊಟ್ಟೆಯ ನೀರು ತೆಗೆದು ಪರೀಕ್ಷಿಸಬೇಕು, ಎಕ್ಸ್‌ರೇ ನೋಡಬೇಕು, ತೂಕ ನೋಡಬೇಕು. ಕ್ರಿಮಿ ಸಿಗಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಮಾತ್ರೆಯ ಲೆಕ್ಕ ತೂಕದ ಮೇಲೆ. ಮಗು ಬೆಳೆದಂತೆ ಅದೂ ಬದಲಾಗಬೇಕು. ರೋಗ ಇಲ್ಲವೆಂದು ಖಚಿತ ಮಾಡಿಕೊಂಡು ಮನೆಯವರಿಗೆಲ್ಲ ತಡೆ ಔಷಧಿ ಕೊಡಿ ಎನ್ನುತ್ತದೆ 2021ರ ಕೇಂದ್ರದ ಮಾರ್ಗಸೂಚಿ. ಕಾಗದದ ಈ ಮಾತು ಕೇರಿಗೆ ಯಾಕೆ ಬರಲಿಲ್ಲ?

ಇನ್ನು ಹೊಟ್ಟೆಯ ಮಾತು. ಮಂಗಳೂರಿನ ವೈದ್ಯರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ರೋಗ ಬರುವುದು ಸುಮಾರು ಶೇ. 40ರಷ್ಟು ಇಳಿಯಿತು. 2023ರಲ್ಲಿ ಇದು ಪ್ರಕಟವಾಯಿತು. ಸರ್ಕಾರ ಕೊಡುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಅದು ರೋಗಿಯ ಹೆಸರಿಗೆ. ಮನೆಯ ಮಕ್ಕಳಿಗೆ ದಾನಿಗಳ ಬುಟ್ಟಿ ಬಂದರೆ ಬಂತು. ಹಸಿದ ಕೂಸಿಗೆ ದಾನ ಯಾಕೆ? ಅದರ ಹಕ್ಕಿನ ಅನ್ನ ಕೊಡಿ.

ನಮ್ಮ ತಪ್ಪನ್ನೂ ಹೇಳಬೇಕು. ಭಾವನಿಗೆ ನಾವು ತಟ್ಟೆ ಲೋಟ ಬೇರೆ ಮಾಡಿದೆವು. ಟಿ.ಬಿ. ಗಾಳಿಯಲ್ಲಿ ಹರಡುತ್ತದೆ, ತಟ್ಟೆಯಲ್ಲಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರ ಮೇಲೆ ಎದ್ದು ನಿಂತ ಜನ ನಾವು. ನಮ್ಮ ಮನೇಲೇ ಅದನ್ನ ಮಾಡಿದೆವು. ಕಿಟಕಿ ಮಾತ್ರ ತೆಗೆಯಲಿಲ್ಲ.

ಶಿಕಾರಿಪುರದಿಂದ ಶಿವಮೊಗ್ಗಕ್ಕೆ 50 ಕಿ.ಮೀ. ಚಿಲ್ಲರೆ, ಸೊರಬದಿಂದ ಇನ್ನೂ ದೂರ. ಹೋಗಿ ಬಂದರೆ ಒಂದು ದಿನದ ಕೂಲಿ ಇಲ್ಲ. ಮಗುವಿನ ಪರೀಕ್ಷೆ ತಾಲ್ಲೂಕಿನಲ್ಲೇ ಆಗಬೇಕು. ದೂರ ಕಳಿಸಿದರೆ ಬಸ್ ಚಾರ್ಜು, ಕೂಲಿ ಕೊಡಬೇಕು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ರಜೆಗೆ ಊರಿಗೆ ಹೋದಾಗ ಕೇರಿ ಸುತ್ತಿ. ಎರಡು ವಾರ ಮೀರಿದ ಕೆಮ್ಮು, ಬಿಡದ ಜ್ವರ, ತೂಕ ಏರದ ಕೂಸು ಕಂಡರೆ ಬರೆದುಕೊಳ್ಳಿ, ಜೊತೆಗೆ ಹೋಗಿ. ಅಲ್ಲಿ ಯಾರೂ ಕೇಳದಿದ್ದರೆ ನೀವೇ ಹೇಳಿ: ಈ ಮನೇಲಿ ಇಷ್ಟು ಮಕ್ಕಳಿದ್ದಾರೆ, ಇವರನ್ನೂ ನೋಡಿ.