ಸಾವಿರ ಅಡಿ ಕೊರೆದರೆ ನೀರು ಸಿಗುತ್ತೆ ಅಂತ ಯಾರು ಹೇಳಿದ್ದು?

ಕಳೆದ ಬೇಸಿಗೆ ರಜೆಯಲ್ಲಿ ಮುಳಬಾಗಿಲು ಹತ್ತಿರ ನಮ್ಮ ಮಾಮ ಹೊಸ ಮನೆಗೆ ಬೋರ್ ಹಾಕಿಸಿದರು. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಸೈಟ್ ಸುತ್ತಿದರು. ಕಾಯಿ ಎದ್ದು ನಿಂತ ಕಡೆ ಗುರುತು ಹಾಕಿದರು. ರಾತ್ರಿ ಲಾರಿ ಬಂತು. 310 ಅಡಿಯಲ್ಲಿ ಸ್ವಲ್ಪ ಹಸಿ ಕಂಡಿತು, ಅಷ್ಟೇ. ಆಮೇಲೆ ಬರೀ ಬೂದು ಧೂಳು. "ಇನ್ನೊಂದು ನೂರು ಅಡಿ ನೋಡೋಣ ಸಾರ್" ಅಂತ ಹೇಳ್ತಾ ಹೇಳ್ತಾ 1,150 ಅಡಿ ಆಯ್ತು. ಟೈಲ್ಸ್‌ಗೆ ಅಂತ ಇಟ್ಟಿದ್ದ ದುಡ್ಡೆಲ್ಲ ಆ ಆರೂವರೆ ಇಂಚಿನ ತೂತಿಗೆ ಹೋಯ್ತು. ಅವತ್ತೇ ಅದಕ್ಕೆ ಕ್ಯಾಪ್ ಹಾಕಿಸಿದ್ದೊಂದೇ ಸಮಾಧಾನ. ಮಾಮ ಈಗಲೂ ಟ್ಯಾಂಕರ್ ತರಿಸ್ತಾರೆ.

ನಾನು ಸಿವಿಲ್, ಜಿಯಾಲಜಿಯನ್ನು ಬೈಕೊಂಡೇ ಓದಿದವನು. ಆದರೆ ಅವತ್ತು ಅದೇ ನೆನಪಾಯ್ತು. ಕೋಲಾರದ ಕಡೆ ನೆಲದಡಿ ಹೊಳೆ ಹರಿಯಲ್ಲ. ಅಲ್ಲಿರೋದು ಹೆಚ್ಚಾಗಿ ನೈಸ್, ಗ್ರಾನೈಟ್. ಗಟ್ಟಿ ಬಂಡೆ ತಾನಾಗಿ ನೀರು ಹಿಡಿಯಲ್ಲ. ನೀರಿಗೆ ಜಾಗ ಎರಡೇ: ಮೇಲೆ ಕೊಳೆತು ಪುಡಿಯಾದ ಕಲ್ಲಿನ ಪದರ, ಅದರ ಕೆಳಗೆ ಬಂಡೆಯ ಬಿರುಕುಗಳು. ಮಳೆ ಮೊದಲು ಮೇಲಿನ ಪದರಕ್ಕೆ ಇಂಗಿ, ಅಲ್ಲಿಂದ ಬಿರುಕಿಗೆ ಇಳಿಯುತ್ತೆ. ನಮ್ಮ ಅಜ್ಜಂದಿರ ತೆರೆದ ಬಾವಿಗಳು ಕುಡಿದಿದ್ದು ಆ ಮೇಲಿನ ಪದರದ ನೀರನ್ನೇ. ಅದನ್ನು ಖಾಲಿ ಮಾಡಿ ನಾವೀಗ ಬಿರುಕು ಹುಡುಕ್ತಾ ಇದ್ದೀವಿ. ಕೆಳಗೆ ಹೋದಷ್ಟೂ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿಯಾಗ್ತವೆ, ಕಮ್ಮಿಯಾಗ್ತವೆ. ಸಾವಿರ ಅಡಿಯಲ್ಲಿ ಯಾರಿಗೂ ನೀರು ಸಿಕ್ಕಿಲ್ಲ ಅಂತಲ್ಲ, ಆದರೆ ಅದು ಅದೃಷ್ಟದ ಆಟ. ಕೊರೆಯುವ ರೇಟ್ ಮಾತ್ರ ಆಳ ಹೆಚ್ಚಿದ ಹಾಗೆ ಅಡಿಗಿಷ್ಟು ಅಂತ ಏರ್ತಾನೇ ಇರುತ್ತೆ. ಸಿಕ್ಕ ನೀರಲ್ಲೂ ಕಲ್ಲಿನಿಂದ ಕರಗಿದ ಫ್ಲೋರೈಡ್ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯೋ ನೀರಲ್ಲ.

ಹಾಗಾದರೆ ಕಾಯಿ ಬಿಟ್ಟು ಮೀಟರ್ ತರಿಸಿದರೆ ಸಾಕಾ? ರೆಸಿಸ್ಟಿವಿಟಿ ಸರ್ವೆ ಮಾಡಿಸಲೇಬೇಕು ಅನ್ನೋದು ನನ್ನ ವಾದ. ನಾಲ್ಕು ಕಂಬಿ ನೆಟ್ಟು, ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೀತಾರೆ. ಓಮ್‌ನ ನಿಯಮ, ಅಷ್ಟೇ. ಕೊಳೆತ ಪದರ ಎಷ್ಟು ದಪ್ಪ ಇದೆ ಅಂತ ಅಂದಾಜು ಸಿಗುತ್ತೆ. ಆದರೆ ಹಸಿ ಜೇಡಿಮಣ್ಣೂ ನೀರಿನ ಹಾಗೇ ತೋರಿಸಿ ಮೋಸ ಮಾಡುತ್ತೆ. 600 ಅಡಿ ಕೆಳಗಿನ ಸಣ್ಣ ಬಿರುಕಂತೂ ಮೇಲಿಂದ ಕಾಣೋದೇ ಕಷ್ಟ.

ಅದಕ್ಕೇ ಪಕ್ಕದವರ ಬೋರಿನ ಲೆಕ್ಕ ಬೇಕು. ಮಾಮನ ಪಕ್ಕದ ಸೈಟಿನವರು ಎರಡು ವರ್ಷ ಹಿಂದೆ 900 ಅಡಿ ಕೊರೆಸಿ ಫೇಲ್ ಆಗಿತ್ತು. ನಮಗೆ ಗೊತ್ತಾಗಿದ್ದು ನಮ್ಮದೂ ಫೇಲ್ ಆದ ಮೇಲೆ! ಪ್ರತಿ ಬೋರೂ ನೆಲದೊಳಗೆ ಏನಿದೆ ಅಂತ ತೋರಿಸುತ್ತೆ, ಅದಕ್ಕೆ ಲಕ್ಷಗಟ್ಟಲೆ ಕೊಟ್ಟಿರ್ತೀವಿ, ಆ ಮಾಹಿತಿ ಧೂಳಿನ ಜೊತೆ ಹಾರಿ ಹೋಗುತ್ತೆ. ನಿಮ್ಮ ಮನೇಲಿ ಬೋರ್ ಹಾಕಿಸಿದರೆ ಒಂದು ರಾತ್ರಿ ನಿದ್ದೆಗೆಟ್ಟು ಲಾರಿ ಪಕ್ಕ ನೋಟ್‌ಬುಕ್ ಹಿಡಿದು ಕೂತ್ಕೊಳ್ಳಿ (ಇಂಟರ್ನಲ್ಸ್ ಹಿಂದಿನ ರಾತ್ರಿ ಹೇಗೂ ಮಲಗಲ್ಲ). ಕೇಸಿಂಗ್ ಎಷ್ಟು ಅಡಿ, ಪುಡಿಯ ಬಣ್ಣ ಎಲ್ಲಿ ಬದಲಾಯ್ತು, ಗ್ಯಾಪ್ ಎಲ್ಲಿ ಸಿಕ್ತು, ಎಷ್ಟು ಇಂಚು ನೀರು, ಎಲ್ಲ ಬರೀರಿ.

ನಾನು ಅವತ್ತು ಬರೆದಿರಲಿಲ್ಲ. ಬಿಲ್ಲಿನಲ್ಲಿ ಕೇಸಿಂಗ್ 80 ಅಡಿ ಅಂತಿದೆ. ಉಳಿದದ್ದನ್ನು ಮಾಮನೂ ನಾನೂ ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆದಿದ್ದೀವಿ. ಎದುರು ಸೈಟಿನವರು ಮುಂದಿನ ತಿಂಗಳು ಲಾರಿ ಕರೆಸ್ತಾರಂತೆ. ಅದರ ಫೋಟೋ ಅವರಿಗೆ ವಾಟ್ಸಾಪ್ ಮಾಡಿದ್ದೀನಿ.